ಬಿಳಿ ಕಾರಿಗೆ ನೇರಳೆ ಪಟ್ಟಿ

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದುಹೋಗಿತ್ತು. ಮಸ್ಕಿ ಕಡೆಯಿಂದ ಬಂದಿದ್ದ ಟಂಟಂ ಡ್ರೈವರೊಬ್ಬ ತನ್ನ ಗಾಡಿಯ ಬಾಗಿಲಿಗೆ ಬಣ್ಣ ಹೊಡೆಸಲು ನಿಂತವನು, ಮಾತಿನ ನಡುವೆ, ಆ ನೇರಳೆ ಪಟ್ಟಿ ಕಾರಿನ ಕಂಪೌಂಡರ್ ಹೋದರಂತೆ, ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಕುಸಿದರಂತೆ ಎಂದ. ನಾನು ಬಾಗಿಲು ಉಜ್ಜುವುದನ್ನು ನಿಲ್ಲಿಸಿದೆ. ಅವನಿಗೆ ಅವರ ಹೆಸರು ಗೊತ್ತಿರಲಿಲ್ಲ, ಮನೆ ಗೊತ್ತಿರಲಿಲ್ಲ. ಕಾರು ಗೊತ್ತಿತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ಈ ರಸ್ತೆಯಲ್ಲಿ ಓಡಾಡುವ ಬಹಳ ಜನಕ್ಕೆ ಕಡೆಕಡೆಗೆ ಅವರು ಗೊತ್ತಿದ್ದುದು ಹಾಗೆಯೇ. ಆ ಪಟ್ಟಿ ಹೊಡೆದವನು ನಾನು. ಯಾಕೆ ಹೊಡೆದೆ ಎನ್ನುವುದು ಗೊತ್ತಿದ್ದವರು ಕಡಿಮೆ.

ನನಗೆ ಅವರು ಕಾರಿಗಿಂತ ಬಹಳ ಮೊದಲಿನಿಂದ ಗೊತ್ತು. ನಮ್ಮೂರು ಪಾಮನಕಲ್ಲೂರು. ಅಲ್ಲಿಯ ದನದ ದವಾಖಾನೆಯಲ್ಲಿ ಅವರು ಕಂಪೌಂಡರ್ ಆಗಿದ್ದರು. ಡಾಕ್ಟರು ಆಗೊಮ್ಮೆ ಈಗೊಮ್ಮೆ ಬಂದು ಹೋಗುವವರು. ಊರಿನ ಎತ್ತಿಗೆ, ಎಮ್ಮೆಗೆ, ಕುರಿಗೆ ಇವರೇ ಡಾಕ್ಟರು. ತೆಳ್ಳಗಿನ ಉದ್ದ ಮನುಷ್ಯ. ಅಂಗಿಯ ತೋಳು ಸದಾ ಮೊಣಕೈ ಮೇಲಕ್ಕೆ ಮಡಚಿಯೇ ಇರುತ್ತಿತ್ತು, ಮದುವೆ ಮನೆಗೆ ಬಂದಾಗಲೂ. ಕೆಲಸ ಮುಗಿಸಿ ಸೋಪು ಹಚ್ಚಿ ಕೈ ತೊಳೆದ ಮೇಲೆ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ, ಮತ್ತೊಮ್ಮೆ ತೊಳೆಯುತ್ತಿದ್ದರು. ದನದ ವಾಸನೆ ಮನೆಯೊಳಗೆ ಬಂದರೆ ಹೆಂಡತಿಗೆ ಆಗುವುದಿಲ್ಲ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಒಂದು ಸಲ ನಮ್ಮ ಎಮ್ಮೆ ಮೇವು ಬಿಟ್ಟಿತು. ಅಪ್ಪ ಹೋಗಿ ಅವರನ್ನು ಕರೆತಂದ. ಬಂದವರು ಎಮ್ಮೆಯ ಮೈ ಮುಟ್ಟಲಿಲ್ಲ, ಸೂಜಿ ತೆಗೆಯಲಿಲ್ಲ. ಕೊಟ್ಟಿಗೆಯ ಬಾಗಿಲ ಕಲ್ಲಿನ ಮೇಲೆ ಕುಳಿತು ನೋಡತೊಡಗಿದರು. ಚಹಾ ಬಂತು, ಕುಡಿದರು, ಮತ್ತೆ ನೋಡಿದರು. ನಮ್ಮವ್ವ ಬೇಸತ್ತು, ಈ ಮನುಷ್ಯ ಎಮ್ಮೆ ನೋಡಲು ಬಂದಿದ್ದಾನೋ ಹೆಣ್ಣು ನೋಡಲು ಬಂದಿದ್ದಾನೋ ಎಂದು ಒಳಗೆ ಗೊಣಗಿದಳು. ಅದು ಅವರಿಗೆ ಕೇಳಿಸಿತು, ನಕ್ಕರು. ಆಮೇಲೆ ಎದ್ದು ಹೋಗಿ ಎಮ್ಮೆಯ ತಲೆಯ ಪಕ್ಕದಲ್ಲಿ ಅದರ ಎತ್ತರಕ್ಕೆ ಬಗ್ಗಿ ನಿಂತು ಎದುರಿಗೆ ನೋಡಿದರು. ಅಪ್ಪ ಹೊಸದಾಗಿ ಹೊಡೆಸಿದ್ದ ತಗಡಿನ ಮೇಲೆ ಬಿದ್ದ ಬಿಸಿಲು ಅಲ್ಲಿಂದ ನೇರವಾಗಿ ಗೋದಲಿಗೆ ಬಡಿಯುತ್ತಿತ್ತು. ಎಮ್ಮೆಯನ್ನು ಆಚೆ ಬದಿಗೆ ಕಟ್ಟಿಸಿದರು. ಸಂಜೆಗೆ ಅದು ಮೇವಿಗೆ ಬಾಯಿ ಹಾಕಿತು.

“ಅದಕ್ಕ ಏನ್ ಕಾಣಸ್ತೈತಿ ಅನ್ನೋದು ಮೊದಲ ನಮಗ ಕಾಣಬೇಕಪಾ,” ಎಂದು ಅಪ್ಪನಿಗೆ ಹೇಳಿ, ಎಮ್ಮೆಯನ್ನು ಮುಟ್ಟದಿದ್ದರೂ ಕೈ ತೊಳೆದು, ಮೂಸಿ ನೋಡಿ, ಮತ್ತೆ ತೊಳೆದು ಹೋದರು.

ಅವರ ಹೆಂಡತಿ ಲಿಂಗಸುಗೂರಿನವರು. ಮಾತು ಕಡಿಮೆ. ಕೌದಿ ಹೊಲಿಯುವುದರಲ್ಲಿ ನಮ್ಮೂರಲ್ಲಿ ಅವರಿಗೆ ಸಮ ಇರಲಿಲ್ಲ. ಹಳೆ ಸೀರೆ, ಹಳೆ ಧೋತರ, ಕುಬುಸದ ತುಂಡು ಎಲ್ಲ ಸುತ್ತ ಹರಡಿಕೊಂಡು ಕುಳಿತರೆ, ಯಾವ ತುಂಡಿನ ಪಕ್ಕಕ್ಕೆ ಯಾವುದು ಎಂದು ಅವರು ಯೋಚಿಸಿದ್ದನ್ನು ನಾನು ನೋಡಿಲ್ಲ. ಕೈ ತಾನಾಗಿ ಹೋಗಿ ಒಂದನ್ನು ಎತ್ತುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಹೆಚ್ಚು ಮಾತಾಡಿಕೊಂಡದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ, ಜಗಳವಾಡಿದ್ದನ್ನೂ ಕಂಡಿರಲಿಲ್ಲ. ಒಬ್ಬಳೇ ಮಗಳು. ಆಕೆಯನ್ನು ಹಟ್ಟಿಗೆ ಕೊಟ್ಟರು. ಅಳಿಯನಿಗೆ ಅಲ್ಲಿಯ ಚಿನ್ನದ ಗಣಿಯಲ್ಲಿ ಕೆಲಸ.

ನಾನು ಬಣ್ಣದ ಕೆಲಸ ಕಲಿತು ಸಿಂಧನೂರಿನಲ್ಲಿ, ಮಸ್ಕಿ ರಸ್ತೆಗೆ, ಶೆಡ್ಡು ಹಾಕಿದೆ. ಟ್ರ್ಯಾಕ್ಟರು, ಟಿಪ್ಪರು, ಭತ್ತ ಕೊಯ್ಯುವ ಮಷೀನು, ಕಾರು, ಎಲ್ಲ ಬರುತ್ತವೆ. ಅವರು ರಿಟೈರಾಗಿ ಮಸ್ಕಿಯಲ್ಲಿ ಮನೆ ಕಟ್ಟಿಕೊಂಡರು ಎಂದು ಕೇಳಿದ್ದೆ. ಹೆಂಡತಿಗೆ ಮರೆವು ಹತ್ತಿದೆ ಎಂದೂ ಕೇಳಿದ್ದೆ. ವಯಸ್ಸಾದಂತೆ ಎಲ್ಲರಿಗೂ ಆಗುವುದೇ ಎಂದುಕೊಂಡು ಅದರ ಬಗ್ಗೆ ಹೆಚ್ಚು ಯೋಚಿಸಿರಲಿಲ್ಲ.

ಒಂದು ಮಧ್ಯಾಹ್ನ ಬಿಳಿ ಕಾರೊಂದು ಎತ್ತಿನ ಗಾಡಿಯಷ್ಟು ನಿಧಾನಕ್ಕೆ ಬಂದು ಶೆಡ್ಡಿನ ಮುಂದೆ ನಿಂತಿತು. ಇಳಿದವರು ಅವರು. ತೋಳು ಅದೇ ರೀತಿ ಮೇಲಕ್ಕೆ ಮಡಚಿತ್ತು, ಕೂದಲು ಮಾತ್ರ ಪೂರ್ತಿ ಬೆಳ್ಳಗಾಗಿತ್ತು. ಆಚೆ ಬದಿಗೆ ಹೋಗಿ ಹೆಂಡತಿಯನ್ನು ಇಳಿಸಿಕೊಂಡು, ಕೈ ಹಿಡಿದು ತಂದು, ನನ್ನ ಸ್ಟೂಲಿನ ಮೇಲೆ ಕೂಡಿಸಿ, ಮಡಿಲಲ್ಲಿ ಒಂದು ಬಟ್ಟೆಯ ತುಂಡು ಇಟ್ಟರು. ಆ ತಾಯಿ ಅದರ ಅಂಚಿನ ದಾರವನ್ನು ಉಗುರಿನಿಂದ ಕೀಳುತ್ತ ಕುಳಿತರು. ನಾನು ಇಂಥವರ ಮಗ ಎಂದು ಹೇಳಿಕೊಂಡೆ. ಕಂಪೌಂಡರಿಗೆ ನಮ್ಮ ಎಮ್ಮೆ ಚೆನ್ನಾಗಿ ನೆನಪಿತ್ತು. ನನ್ನ ನೆನಪು ಇರಲಿಲ್ಲ.

ಕಾರಿನ ಎರಡೂ ಬದಿಗೆ ಅರ್ಧಂಬರ್ಧ ಕಿತ್ತ ಸ್ಟಿಕರಿನ ಚೂರು, ಗೋಂದಿನ ಕಲೆ. ಅದನ್ನು ತೋರಿಸಿ ಹೇಳಿದರು: “ಇದನ್ನ ಈಕಿ ಕಿತ್ತು ಹಾಕ್ಯಾಳಪಾ. ಬಣ್ಣದಾಗ ಪಟ್ಟಿ ಹೊಡಿಯಾಕ ಬರ್ತದೇನು? ಉಗುರಿಗೆ ಸಿಗಬಾರದು.”

ಈ ವಯಸ್ಸಿನಲ್ಲಿ ಕಾರಿಗೆ ಪಟ್ಟಿ ಯಾಕೆ ಎಂದು ನನಗೆ ನಗು ಬಂತು. ಅವರು ಹೇಳಿದ ಮೇಲೆ ನಗು ನಿಂತಿತು.

ಹೆಂಡತಿಯನ್ನು ರಾಯಚೂರಿನ ಡಾಕ್ಟರಿಗೆ ತೋರಿಸುತ್ತಿದ್ದರು. ಬಸ್ಸಿನಲ್ಲಿ ಕರೆದೊಯ್ಯುವುದು ಆಗುತ್ತಿರಲಿಲ್ಲ. ಬಸ್ಸು ನಿಂತಲ್ಲೆಲ್ಲ ಊರು ಬಂತೆಂದು ಅವರು ಇಳಿದುಬಿಡುತ್ತಿದ್ದರು. ಅದಕ್ಕೇ ಇವರು ಹಳೆಯ ಕಾರೊಂದನ್ನು ಕೊಂಡು, ಎಲ್ಲರೂ ಡ್ರೈವಿಂಗು ಬಿಡುವ ವಯಸ್ಸಿನಲ್ಲಿ ಕಲಿತರು. ಮನೆಯಲ್ಲಿ ಒಬ್ಬರನ್ನೇ ಬಿಡುವಂತಿಲ್ಲವಾದ್ದರಿಂದ ಎಲ್ಲಿ ಹೋದರೂ ಜೊತೆಗೆ ಒಯ್ಯುತ್ತಿದ್ದರು. ಹೀಗೆ ಒಂದು ದಿನ ಸಿಂಧನೂರಿನಲ್ಲಿ ಔಷಧಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಗುಳಿಗೆ ತರಲು ಇಳಿದಿದ್ದಾರೆ. ಅಷ್ಟರಲ್ಲಿ ಹೆಂಡತಿ ಬಾಗಿಲು ತೆಗೆದುಕೊಂಡು ಇಳಿದು, ಅಲ್ಲೇ ಅಡ್ಡಾಡಿ, ತಿರುಗಿ ಬಂದು, ಸಾಲಿನಲ್ಲಿದ್ದ ಬೇರೊಂದು ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದಾರೆ. ಅದರ ಡ್ರೈವರು ಚಹಾ ಕುಡಿದು ಬಂದವನು ಹಿಂದೆ ನೋಡದೆ ಗಾಡಿ ತೆಗೆದಿದ್ದಾನೆ. ಮಸ್ಕಿ ದಾಟಿ, ಲಿಂಗಸುಗೂರು ಇನ್ನೇನು ಬಂತು ಎನ್ನುವಾಗ ಹಿಂದಿನಿಂದ ಯಾರೋ ನೀರು ಕೇಳಿದರು. ಅವನು ಗಾಬರಿಯಲ್ಲಿ ಗಾಡಿಯನ್ನು ತೊಗರಿ ಹೊಲಕ್ಕೆ ಇಳಿಸುವುದೊಂದು ಬಾಕಿ.

ಅವನು ಒಳ್ಳೆಯವನು. ಲಿಂಗಸುಗೂರಿನ ಬಸ್ ಸ್ಟ್ಯಾಂಡಿನ ನೆರಳಿನಲ್ಲಿ ಕೂಡಿಸಿ, ಪೊಲೀಸರಿಗೆ ತಿಳಿಸಿ, ತಾನೂ ಕಾದು ನಿಂತ. ಆದರೆ ಅದು ಗೊತ್ತಾಗುವ ಹೊತ್ತಿಗೆ ಇವರು ಸಿಂಧನೂರಿನ ಒಂದೊಂದು ಅಂಗಡಿಯನ್ನೂ ಕೇಳಿ ಮುಗಿಸಿ, ಕಡೆಗೆ ಕಾಲುವೆಯ ದಂಡೆಗುಂಟ ನೀರು ನೋಡುತ್ತ ಓಡಿದ್ದರು. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಕಾರಿನ ಬಾನೆಟ್ಟಿನ ಮೇಲೆ ಎತ್ತಿನ ಕೊರಳ ಮೇಲೆ ಇಟ್ಟಂತೆ ಕೈ ಇಟ್ಟು ನಿಂತಿದ್ದರು.

“ನನ್ನ ಗಾಡಿ ಬಿಳೇದು, ಅವನ ಗಾಡಿ ಬಿಳೇದು. ಊರಾಗ ಎಲ್ಲಾರವೂ ಬಿಳೇವು. ಆಕಿದೇನು ತಪ್ಪು?” ಎಂದರು.

ಎಲ್ಲರೂ ಹೊಡೆಸುವುದು ಕಪ್ಪು ಪಟ್ಟಿ, ಬಿಳಿಯ ಮೇಲೆ ದೂರಕ್ಕೆ ಕಾಣುತ್ತದೆ ಎಂದೆ. ಕಪ್ಪು ಬೇಡ ಎಂದರು. ಮನೆಯ ಬಾಗಿಲಲ್ಲಿ ಕರಿ ಚಾಪೆ ಹಾಸಿದಂದಿನಿಂದ ಹೆಂಡತಿ ಹೊಸ್ತಿಲು ದಾಟುತ್ತಿರಲಿಲ್ಲವಂತೆ. ಅಲ್ಲಿ ಬಾವಿ ಇದೆ ಎನ್ನುತ್ತಿದ್ದರಂತೆ. ಇವರು ಬಗ್ಗಿ ಬಗ್ಗಿ ನೋಡಿ ಅದನ್ನು ಕಂಡುಹಿಡಿದು ಚಾಪೆ ಎತ್ತಿಸಿದ್ದರು. ಕೆಂಪು ಹೊಡೆದರೆ ಆಂಬ್ಯುಲೆನ್ಸ್ ಕಂಡಂತೆ ಕಾಣುತ್ತದೆ, ದಾರಿಯಲ್ಲಿ ಜನ ಕೈ ಮಾಡಿ ನಿಲ್ಲಿಸುತ್ತಾರೆ. ನೀಲಿ ಹೊಡೆದರೆ ಪೊಲೀಸರ ಗಾಡಿ. ಹಳದಿ ಬಿಳಿಯ ಮೇಲೆ ಕಾಣುವುದೇ ಇಲ್ಲ. ಇಬ್ಬರೂ ಒಂದೊಂದೇ ಬಣ್ಣ ತೆಗೆದುಹಾಕುತ್ತ ಹೋದೆವು. ಆಮೇಲೆ ಅವರು, ನಾವು ಇಲ್ಲಿ ನಿಂತು ಮಾತಾಡುವುದರಲ್ಲಿ ಅರ್ಥವಿಲ್ಲ, ನೋಡುವವಳು ಅವಳು ಎಂದರು.

ನಾನು ಸಣ್ಣ ಸಣ್ಣ ತಗಡಿನ ತುಂಡುಗಳಿಗೆ ಬಿಳಿ ಹೊಡೆದು ಅವುಗಳ ಮೇಲೆ ಬೇರೆ ಬೇರೆ ಬಣ್ಣದ ಪಟ್ಟಿ ಎಳೆದು ಗೋಡೆಗೆ ಒರಗಿಸಿ ಇಟ್ಟೆ. ಅವರು ಹೆಂಡತಿಯನ್ನು ಕರೆತಂದು, ಕೈ ಬಿಟ್ಟು, ದೂರ ಬಂದು ನಿಂತರು. ನನಗೂ ಮಾತಾಡಬೇಡ ಎಂದು ಸನ್ನೆ ಮಾಡಿದರು. ಆ ತಾಯಿ ಗೋಡೆಗುಂಟ ನಡೆದರು. ಕಿತ್ತಳೆಯನ್ನು ದಾಟಿದರು, ಹಸಿರನ್ನು ದಾಟಿದರು. ನೇರಳೆಯ ಮುಂದೆ ನಿಂತು, ಬಗ್ಗಿ, ಅಂಗೈ ಊರಿದರು. ಅದು ಆಗಷ್ಟೇ ಹೊಡೆದದ್ದು, ಇನ್ನೂ ಹಸಿ. ಕೈಗೆ ಹತ್ತಿದ ಬಣ್ಣವನ್ನು ನೋಡಿಕೊಂಡು, “ಇದನ್ನ ನಡುವ ಹಚ್ಚಬೇಕು,” ಎಂದರು. ಅವರು ಕೌದಿಯ ಮಾತು ಆಡುತ್ತಿದ್ದರು. ಕಂಪೌಂಡರ್ ನನ್ನ ತಿನ್ನರಿನ ಡಬ್ಬಿ ತೆಗೆದುಕೊಂಡು ಚಿಂದಿಯಿಂದ ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಒರೆಸಿದರು. ಕಂಪೌಂಡರ ಮುಖದಲ್ಲಿ ಅಷ್ಟು ಗೆಲುವು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ನೇರಳೆಯೇ ಆಯಿತು. ಕಪ್ಪಿನ ಹತ್ತಿರ ಹೋಗದಂತೆ, ಬಿಸಿಲಲ್ಲಿ ಎದ್ದು ಕಾಣುವಂತೆ ಬಣ್ಣ ಕೂಡಿಸಿದೆ. ಸಿಂಗಲ್ ಸ್ಟೇಜ್ ಬಣ್ಣ ಎಂದು ಒಂದಿದೆ. ಈಗಿನ ಕಾರುಗಳಿಗೆ ಬಣ್ಣ ಹೊಡೆದ ಮೇಲೆ ಹೊಳಪಿಗೆಂದು ಗಾಜಿನಂಥ ಇನ್ನೊಂದು ಪದರ ಹೊಡೆಯುತ್ತಾರೆ. ನಮ್ಮ ಬಿಸಿಲಿಗೆ ಕೆಲವು ಸಲ ಆ ಪದರ ಸುಲಿದು ಏಳುತ್ತದೆ. ಸಿಂಗಲ್ ಸ್ಟೇಜಿಗೆ ಅದು ಬೇಡ. ಹೊಳಪು ಬಣ್ಣದ ಒಳಗೇ ಇರುತ್ತದೆ, ಮೇಲಿಂದ ಏಳುವಂಥದ್ದು ಏನೂ ಇಲ್ಲ. ಉಗುರಿಗೆ ಸಿಗಬಾರದು ಎಂದ ಮೇಲೆ ಅದೇ ಸರಿ ಎನಿಸಿತು.

ಪಟ್ಟಿ ಎಲ್ಲಿ ಬರಬೇಕು ಎನ್ನುವುದನ್ನು ಅವರೇ ನಿಂತು ತೋರಿಸಿದರು. ಹೆಂಡತಿಯ ಎತ್ತರಕ್ಕೆ ಮೊಣಕಾಲು ಬಗ್ಗಿಸಿಕೊಂಡು ಕಾರಿನ ಸುತ್ತ ತಿರುಗಿ, ಹಿಂದಿನಿಂದ ಬಂದರೆ ಇಷ್ಟು ಕಾಣುತ್ತದೆ, ಬಾಜುವಿನಿಂದ ಬಂದರೆ ಇಷ್ಟು ಎಂದು ಬೆರಳಿಟ್ಟರು. ಬಾನೆಟ್ಟಿನಿಂದ ಹೊರಟು ಟಾಪಿನ ಮೇಲೆ ಹಾದು ಡಿಕ್ಕಿಗೆ ಇಳಿಯುವ ಜೋಡಿ ಪಟ್ಟಿ, ಬಾಗಿಲುಗಳ ಮೇಲೆ ಒಂದೊಂದು ಅಗಲ ಪಟ್ಟಿ. ಹಳೆ ಬಣ್ಣದ ಹೊಳಪು ಹೋಗುವ ತನಕ ನೀರು ಹಾಕಿ ಉಜ್ಜಿದೆ. ಟೇಪು ಎಳೆದು, ಉಳಿದ ಮೈಗೆಲ್ಲ ಪೇಪರು ಮುಚ್ಚಿದೆ. ಬಣ್ಣಕ್ಕೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಕೂಡಿಸಿ ತೆಳುವಾಗಿ ಒಂದು ಕೈ, ಅದು ಅಂಟಂಟಾದ ಮೇಲೆ ದಪ್ಪಗೆ ಇನ್ನೊಂದು ಕೈ ಹೊಡೆದೆ. ಟೇಪನ್ನು ಬಣ್ಣ ಪೂರ್ತಿ ಒಣಗುವ ಮೊದಲೇ ಹಿಂದಕ್ಕೆ ಮಡಚಿ ಮೆಲ್ಲಗೆ ಎಳೆಯಬೇಕು. ತಡವಾದರೆ ಬಣ್ಣವೂ ಜೊತೆಗೆ ಹರಿದು ಬರುತ್ತದೆ. ನಾನು ಎಳೆಯುವಾಗ ಅವರು ಉಸಿರು ಬಿಗಿಹಿಡಿದು ನಿಂತಿದ್ದರು, ಎಮ್ಮೆ ಈಯುವುದನ್ನು ನೋಡುವವರ ಹಾಗೆ. ಬಣ್ಣ ಗಟ್ಟಿಯಾದ ಮೇಲೆ ಅಂಚುಗಳನ್ನು ನುಣ್ಣಗೆ ತಿಕ್ಕಿ ಇಳಿಸಿದೆ. ಅವರು ತಮ್ಮ ಉಗುರಿನಿಂದ ಕೆರೆದು ನೋಡಿದರು. ಸಿಗಲಿಲ್ಲ.

ಜನ ನಕ್ಕರು. ಮುಪ್ಪಿನಲ್ಲಿ ಕಂಪೌಂಡರಿಗೆ ಶೋಕಿ ಹತ್ತಿದೆ ಎಂದರು. ಲಿಂಗಸುಗೂರಿನ ಸರ್ಕಲ್ಲಿನಲ್ಲಿ ಪೊಲೀಸನೊಬ್ಬ ಕಾರು ನಿಲ್ಲಿಸಿ, ಇದು ಯಾವ ಪಾರ್ಟಿಯ ಬಣ್ಣ ಎಂದು ಕೇಳಿದನಂತೆ. ನಮ್ಮ ಮನೆಯಾಕೆಯ ಪಾರ್ಟಿ ಎಂದು ಇವರು ಹೇಳಿದರಂತೆ. ಅವರಿಗೆ ಇದರಿಂದ ಏನೂ ಅನಿಸುತ್ತಿರಲಿಲ್ಲ, ಏಕೆಂದರೆ ಪಟ್ಟಿ ಕೆಲಸ ಮಾಡಿತು. ಹೆಂಡತಿ ಯಾವ ಗುಂಪಿನಲ್ಲಿದ್ದರೂ, ಎಷ್ಟು ಕಾರುಗಳ ನಡುವೆ ನಿಲ್ಲಿಸಿದ್ದರೂ, ನೇರಳೆ ಕಂಡಲ್ಲಿಗೆ ನೇರವಾಗಿ ಹೋಗಿ ಬಾಗಿಲಿಗೆ ಕೈ ಹಾಕುತ್ತಿದ್ದರು. ಒಮ್ಮೆ ನನಗೆ ತೋರಿಸಲೆಂದೇ ಸಂತೆಯ ದಿನ ಬೇಕಂತಲೇ ಬಿಳಿ ಕಾರುಗಳ ಸಾಲಿನಲ್ಲಿ ನಿಲ್ಲಿಸಿ, ನನ್ನನ್ನು ಎಳೆದುಕೊಂಡು ಹೋಗಿ ಹಣ್ಣಿನ ಗಾಡಿಯ ಮರೆಯಲ್ಲಿ ನಿಂತರು. ಆ ತಾಯಿ ಸಾಲಿನ ಮೇಲೆ ಕಣ್ಣಾಡಿಸಿ, ಸೆರಗು ಸರಿಮಾಡಿಕೊಂಡು, ತಮ್ಮ ಕಾರಿಗೆ ಹೋದರು. “ನೋಡಿದೇನು, ನೋಡಿದೇನು,” ಎಂದು ಕಂಪೌಂಡರ್ ನನ್ನ ಭುಜ ಹಿಡಿದು ಅಲುಗಿಸಿದರು.

ಆ ಪಟ್ಟಿಯನ್ನು ತಿಕ್ಕಿಸಿ ಹೊಳಪು ತರಿಸಲು ಆಗಾಗ ಶೆಡ್ಡಿಗೆ ಬರುತ್ತಿದ್ದರು. ಹೊಳಪು ಇಳಿದರೆ ಅವಳಿಗೆ ಕಾಣದೇ ಹೋದೀತು ಎಂದು ಭಯ. ಹೀಗೆ ಒಮ್ಮೆ ಬಂದಾಗ ಅವರು ಇಳಿದು ಬಂದರು, ಹೆಂಡತಿ ಇಳಿಯಲಿಲ್ಲ. ನೋಡಿದರೆ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಯಾವಾಗಲೂ ಮುಂದೆ, ಗಂಡನ ಪಕ್ಕ ಕೂಡುವವರು. ನಾನು ಕೇಳುವ ಮೊದಲೇ ಕಂಪೌಂಡರ್ ದನಿ ತಗ್ಗಿಸಿ ಹೇಳಿದರು.

ಲಿಂಗಸುಗೂರಿನಲ್ಲಿ ನಡೆದದ್ದು. ಏನೋ ಕೆಲಸ ಮುಗಿಸಿ ಕಾರಿನ ಹತ್ತಿರ ಬಂದಾಗ ಹೆಂಡತಿ ಆಗಲೇ ಒಳಗೆ ಕುಳಿತಿದ್ದರು, ಹಿಂದೆ. ಇವರು ಮುಂದೆ ಕುಳಿತು ಕಾರು ಚಾಲು ಮಾಡಿದರು. ಹಿಂದಿನಿಂದ ಮಾತು ಬಂತು: “ತಮ್ಮಾ, ಗಾಡಿ ಸಾವಕಾಶ ಹೊಡಿಯಪಾ. ಮನ್ಯಾಗ ನಮ್ಮವರು ಕಾಯಾಕತ್ತಿರ್ತಾರ.”

“ನೀವೇನಂದ್ರಿ?” ಎಂದು ಕೇಳಿದೆ.

“ಏನನ್ಲಿ. ಹೂನ್ರೀ ಅಕ್ಕಾರ ಅಂದೆ.”

ಹೇಳಿ ಮುಗಿಸಿ ಅವರು ಅಂಗಿಯ ತೋಳನ್ನು ಕೆಳಗಿಳಿಸಿದರು. ಮತ್ತೆ ಮಡಚಿದರು.

ಗಾಡಿಯ ಗುರುತು ಉಳಿದಿತ್ತು, ಗಂಡನ ಗುರುತು ಹೋಗಿತ್ತು. ಕೆಲವು ದಿನ ಬಂದು ಹೋಗುವ ಮಾತಿರಬಹುದು ಎಂದು ಅವರು ಕಾದರು. ಡಾಕ್ಟರಿಗೆ ಹ್ಯಾಗೂ ತೋರಿಸುತ್ತಿದ್ದೀರಲ್ಲ, ಕೇಳಿ ಎಂದು ನಾನು ಹೇಳಿದೆ. ಡಾಕ್ಟರಿಗೂ ಹೇಳಿದ್ದರು. ಹೋದದ್ದು ತಿರುಗಿ ಬರುವುದಿಲ್ಲ, ನೀವು ಅವರ ಜೊತೆ ವಾದ ಮಾಡಬೇಡಿ, ಅವರು ಏನೆನ್ನುತ್ತಾರೋ ಅದಕ್ಕೆ ಹೂಂ ಅನ್ನಿ ಎಂದು ಡಾಕ್ಟರು ಹೇಳಿದ್ದರು. ಹೀಗಾಗಿ ಅವರು ಮನೆಯಲ್ಲೂ ಡ್ರೈವರಾದರು. ಡ್ರೈವರು ಒಳಗೆ ಮಲಗುತ್ತಾನೇನು ಎಂದು ಹೆಂಡತಿ ಸಿಟ್ಟಾದ ಮೇಲೆ ತಮ್ಮ ಹಾಸಿಗೆಯನ್ನು ಪಡಸಾಲೆಗೆ ತಂದುಕೊಂಡರು. ತಮ್ಮದೇ ಮನೆಯ ಕೋಣೆಗೆ ಹೋಗುವಾಗ ಬಾಗಿಲು ಬಡಿದು, “ಅಕ್ಕಾರ, ಗುಳಿಗಿ ತಂದೀನ್ರಿ,” ಎಂದು ಹೇಳಿ ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ಬಟ್ಟೆ ತೊಡಿಸಲು, ಸ್ನಾನ ಮಾಡಿಸಲು ಓಣಿಯ ಹೆಣ್ಣುಮಗಳೊಬ್ಬಳನ್ನು ಗೊತ್ತುಮಾಡಿದರು. ಮಗಳಿಗೆ ಇದನ್ನೆಲ್ಲ ಹೇಳಿರಲಿಲ್ಲ. ಆಕೆ ಬಂದ ದಿನ ಏನಾದರೂ ನೆಪ ಮಾಡಿ ಹೊರಗೆ ಇರುತ್ತಿದ್ದರು. ಯಾಕೆ ಹೇಳುವುದಿಲ್ಲ ಎಂದು ಕೇಳಿದರೆ, “ಅವ್ವ ಅಪ್ಪನ್ನ ಮರ್ತಾಳ ಅಂತ ಮಗಳ ಮುಂದ ಹ್ಯಾಂಗ ಹೇಳ್ಲಿ,” ಎಂದರು.

ಡ್ರೈವರನ ಹತ್ತಿರ ಆ ತಾಯಿ ಬಹಳ ಮಾತಾಡುತ್ತಿದ್ದರು. ಗಂಡನ ಹತ್ತಿರ ಜನ್ಮದಲ್ಲಿ ಅಷ್ಟು ಮಾತಾಡಿರಲಿಲ್ಲ ಎಂದು ಅವರೇ ಹೇಳಿದರು. ಕಾರು ಹೊರಟಿತೆಂದರೆ ಹಿಂದಿನಿಂದ ಶುರುವಾಗುತ್ತಿತ್ತು, ಹೆಚ್ಚಿನದು ಗಂಡನ ಮೇಲಿನ ದೂರು. ಅವರಿಗೆ ಊರ ದನಗಳ ಮೇಲಿದ್ದ ಕಾಳಜಿ ಮನೆಯ ಮೇಲೆ ಇರಲಿಲ್ಲ. ಕೌದಿ ಹೊಲಿದು ಹಾಸಿದರೆ ಚೆನ್ನಾಗಿದೆ ಎಂದು ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ. ಕೈ ಮಾತ್ರ ತೊಳೆದೇ ತೊಳೆಯುತ್ತಿದ್ದರು. ನನಗೇನು ಆ ವಾಸನೆ ಬೇಡವಾಗಿರಲಿಲ್ಲ, ಮೊದಲ ಸಲ ಏನೋ ಅಂದಿದ್ದೆ, ಅದನ್ನೇ ಹಿಡಿದುಕೊಂಡರು ಎನ್ನುತ್ತಿದ್ದರಂತೆ. ಇದನ್ನೆಲ್ಲ ಇವರು ಸ್ಟೇರಿಂಗು ಹಿಡಿದು ಕೇಳುತ್ತಿದ್ದರು. ನನಗೆ ಹೇಳುವಾಗ ಕೆಲವಕ್ಕೆ ನಗುತ್ತಲೂ ಇದ್ದರು.

ಒಂದನ್ನು ಹೇಳುವಾಗ ನಗಲಿಲ್ಲ. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋಗುವಾಗ ಹೆಂಡತಿ ತಮ್ಮ ತಾಯಿ ಸತ್ತ ದಿನದ ಮಾತು ತೆಗೆದರು. ಲಿಂಗಸುಗೂರಿಗೆ ನಾನೊಬ್ಬಳೇ, ಮಗಳನ್ನು ಕಂಕುಳಲ್ಲಿ ಹೊತ್ತು, ಬಸ್ಸಿನಲ್ಲಿ ನಿಂತುಕೊಂಡು ಹೋದೆ, ಗಂಡ ಯಾರದೋ ಆಕಳು ಈಯಲು ಆಗದೆ ಒದ್ದಾಡುತ್ತಿದೆ ಎಂದು ಹೋಗಿದ್ದವರು ಎಲ್ಲ ಮುಗಿದ ಮೇಲೆ ಬಂದರು, ಬಂದವರು ಆಕಳು ಉಳಿಯಿತು ಎಂದು ಹೇಳಿದರು ಎಂದರು. ಇವರಿಗೆ ಆ ಆಕಳು ನೆನಪಿತ್ತು. ತಾವು ಹಾಗೆ ಹೇಳಿದ್ದು ನೆನಪಿರಲಿಲ್ಲ.

“ಅವರದು ತಪ್ಪಾತ್ರೀ ಅಕ್ಕಾರ,” ಎಂದು ಮುಂದಿನ ಸೀಟಿನಿಂದ ಹೇಳಿದರು.

“ನೀ ಯಾಕ ಅಂತೀ ತಮ್ಮಾ,” ಎಂದರಂತೆ ಆಕೆ. “ಅವರು ಅನ್ನಬೇಕು.”

ಅವರು ರಸ್ತೆಯ ಬದಿಗೆ ಕಾರು ನಿಲ್ಲಿಸಿದರು. ಇಳಿದು, ಸುತ್ತಿ ಬಂದು, ಹಿಂದಿನ ಬಾಗಿಲು ತೆಗೆದು, ಹೆಂಡತಿಯನ್ನು ಹೆಸರು ಹಿಡಿದು ಕರೆದು, ನಾನೇ ಬಂದೀನಿ ನೋಡು, ನನ್ನ ತಪ್ಪಾತು ಎಂದರು. ಆಕೆ ಹೆದರಿ ಸೆರಗನ್ನು ಮುಖಕ್ಕೆ ಎಳೆದುಕೊಂಡು ಸೀಟಿನ ಆ ಮೂಲೆಗೆ ಸರಿದರು. ಯಾರೋ ಬಂದಿದ್ದಾನೆ, ಬೇಗ ಬಾ ಎಂದು ಡ್ರೈವರನನ್ನು ಕೂಗಿದರು.

“ಮತ್ತ ಮುಂದ ಹೋಗಿ ಕುಂತೆಪಾ. ಯಾರೂ ಇಲ್ರೀ ಅಕ್ಕಾರ, ಹೋದ್ರು ಅಂದೆ. ಆಮ್ಯಾಲ ಸಮಾಧಾನ ಆದ್ಳು,” ಎಂದು ನನಗೆ ಹೇಳಿದರು.

ನಾನು ಪಟ್ಟಿ ತಿಕ್ಕುವುದನ್ನು ಮುಂದುವರಿಸಿದೆ. ದನಗಳ ಮುಂದೆ ಗಂಟೆಗಟ್ಟಲೆ ಕುಳಿತು ಅವುಗಳಿಗೆ ಏನು ಕಾಣುತ್ತಿದೆ ಎಂದು ಕಂಡುಹಿಡಿದವರು ಅವರು. ಈಗಲೂ ಹೆಂಡತಿಗೆ ಏನು ಕಾಣುತ್ತಿದೆ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಗಡಿನ ಬಿಸಿಲಾದರೆ ಎಮ್ಮೆಯನ್ನು ಆಚೆ ಕಟ್ಟಬಹುದು. ಇಲ್ಲಿ ಕಟ್ಟಲು ಆಚೆ ಎನ್ನುವುದು ಇರಲಿಲ್ಲ.

ಆಮೇಲೆ ಅವರು ಬರುವುದು ಕಡಿಮೆಯಾಯಿತು. ಕಡೆಯ ಸಲ ನೋಡಿದ್ದು ಸಿಂಧನೂರಿನ ರಸ್ತೆಯಲ್ಲಿ. ಕಾರು ನಿಧಾನವಾಗಿ ಹೋಗುತ್ತಿತ್ತು. ಮುಂದೆ ಅವರು ನೆಟ್ಟಗೆ ಕುಳಿತಿದ್ದರು, ಹಿಂದೆ ಆ ತಾಯಿ ಕಿಟಕಿಯ ಕಡೆ ನೋಡುತ್ತ ಏನೋ ಹೇಳುತ್ತಿದ್ದರು. ನಾನು ಕೈ ಮಾಡಿದೆ. ಅವರು ಹಾರ್ನ್ ಹೊಡೆದರು.

ಸುದ್ದಿ ಕೇಳಿ ಮಸ್ಕಿಗೆ ಹೋದಾಗ ಮನೆಗೆ ಬೀಗ ಇತ್ತು. ಮಗಳು ತಾಯಿಯನ್ನು ಹಟ್ಟಿಗೆ ಕರೆದೊಯ್ದಿದ್ದಳು. ಕಾರನ್ನೂ ಒಯ್ದಿದ್ದರು. ಅಲ್ಲಿಗೆ ಹೋಗಬೇಕು ಎಂದುಕೊಳ್ಳುತ್ತಿರುವಾಗಲೇ ಒಂದು ಬೆಳಿಗ್ಗೆ ನೇರಳೆ ಪಟ್ಟಿಯ ಕಾರು ಶೆಡ್ಡಿನ ಮುಂದೆ ಬಂತು. ಅಳಿಯ ಓಡಿಸುತ್ತಿದ್ದ. ಮಗಳು ಇಳಿದು ಬಂದಳು. ಅಪ್ಪನ ಹಾಗೆಯೇ ಉದ್ದ, ತೆಳ್ಳಗೆ. ಪಟ್ಟಿ ತೆಗೆದು ಪೂರ್ತಿ ಬಿಳಿ ಮಾಡಿಕೊಡಿ ಎಂದಳು.

ಅವರ ಕ್ವಾರ್ಟರ್ಸಿನ ಮುಂದೆ ಕಾರು ನಿಲ್ಲಿಸಿದಂದಿನಿಂದ ತಾಯಿ ಅದನ್ನು ಬಿಟ್ಟು ಬರುತ್ತಿರಲಿಲ್ಲ. ಬೆಳಕಾದರೆ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತರೆ ಊಟಕ್ಕೂ ಏಳುತ್ತಿರಲಿಲ್ಲ. ಕಾರಿನೊಳಗೆ ಕುದಿಯುವ ಬಿಸಿಲು. ಬಾಗಿಲಿಗೆ ಕೀಲಿ ಹಾಕಿದರೆ ಹಿಡಿಕೆ ಹಿಡಿದುಕೊಂಡು ಹೊರಗೇ ನಿಲ್ಲುತ್ತಿದ್ದರು. ಒಂದು ದಿನ ಹಾಗೆಯೇ ತಲೆ ತಿರುಗಿ ಬಿದ್ದರು. ತಾಡಪತ್ರಿ ಹೊದಿಸಿದರೆ ಅದನ್ನು ಎತ್ತಿ ನೋಡುತ್ತಿದ್ದರು. ಬೇರೆ ಓಣಿಯಲ್ಲಿ ನಿಲ್ಲಿಸಿದರೆ ಹುಡುಕಿಕೊಂಡು ಗಣಿಯ ರಸ್ತೆಗೆ ಹೋಗಿಬಿಟ್ಟಿದ್ದರು. ಮಾರಿಬಿಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅದು ಆಗುವುದಿಲ್ಲ ಎಂದು ಅವಳೇ ಹೇಳಿದಳು. ತಾಯಿಯನ್ನು ದವಾಖಾನೆಗೆ ಒಯ್ಯಲು ಕಾರು ಬೇಕೇ ಬೇಕು, ಅದೂ ಅಲ್ಲದೆ ಅಪ್ಪನ ಕಾರು.

“ಅಪ್ಪ ಹೊಡಿಸಿದ್ದಂತ ನನಗೂ ಗೊತ್ತೈತ್ರಿ ಅಣ್ಣಾರ,” ಎಂದಳು. “ಆದರ ಆಕಿ ತಮ್ಮ ಬಂದನೇನು, ತಮ್ಮ ಬಂದನೇನು ಅಂತ ಕೇಳ್ಕೋಂತ ಅದರಾಗ ಕುಂದರ್ತಾಳ. ನಮ್ಮವ್ವಗ ತಮ್ಮನ ಇಲ್ಲ. ಯಾರನ್ನ ಕೇಳ್ತಾಳೋ ತಿಳೀವಲ್ದು.”

ನಾನು ಅಳಿಯನ ಕಡೆ ನೋಡಿದೆ. ಅವನು ಕಾರಿನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದ. ಹೇಳದೆ ಇರಬಹುದಿತ್ತು. ಅದು ಕಂಪೌಂಡರ್ ಹೇಳದೆ ಉಳಿಸಿಕೊಂಡಿದ್ದ ಮಾತು. ಆದರೆ ತಾಯಿ ಯಾರಿಗಾಗಿ ಕಾಯುತ್ತಿದ್ದಾಳೆ ಎಂದು ಗೊತ್ತಿಲ್ಲದ ಮಗಳನ್ನು ಎದುರಿಗಿಟ್ಟುಕೊಂಡು ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

“ನಿಮ್ಮಪ್ಪನ್ನ ಕೇಳ್ತಾರವ್ವಾ,” ಎಂದೆ. ಆಮೇಲೆ ಗೊತ್ತಿದ್ದುದನ್ನೆಲ್ಲ ಹೇಳಿದೆ.

ಅವಳು ಪೂರ್ತಿ ಕೇಳಿದಳು. ಕೇಳಿ ಕಾರಿನ ಆಚೆ ಬದಿಗೆ ಹೋಗಿ, ನಮಗೆ ಬೆನ್ನು ಮಾಡಿ ನಿಂತಳು. ಅಳಿಯ ಏನಾಯಿತು ಎಂದು ಕೇಳಿದ. ನಾನು ಕಾರಿನ ಬಣ್ಣ ನೋಡುವಂತೆ ಬಗ್ಗಿದೆ. ತಿರುಗಿ ಬಂದಾಗ ಅವಳ ಮುಖ ಒದ್ದೆಯಾಗಿತ್ತು, ಮಾತು ಮಾತ್ರ ಅದೇ ಇತ್ತು. ಬಿಳಿ ಮಾಡಿಕೊಡಿ ಎಂದಳು.

ಕಾರನ್ನು ಬಿಟ್ಟು ಹೋದರು. ಎದುರಿಗಿದ್ದ ಬೇರೆ ಕೆಲಸಗಳನ್ನೆಲ್ಲ ಮೊದಲು ಮುಗಿಸಿದೆ. ಮುಗಿಸಲು ಇನ್ನೇನೂ ಉಳಿಯದಿದ್ದಾಗ ನೀರಿನ ಬಕೆಟ್ಟು ತಂದುಕೊಂಡು ಬಾನೆಟ್ಟಿನಿಂದ ಶುರುಮಾಡಿದೆ. ಉಜ್ಜಿದಂತೆ ನೇರಳೆ ನೀರು ಇಳಿದು ನೆಲಕ್ಕೆ ಹರಿಯಿತು. ಪಟ್ಟಿಯ ಜಾಗಕ್ಕೆ ಮಾತ್ರ ಬಿಳಿ ಹೊಡೆದರೆ ಆಗುವಂತಿರಲಿಲ್ಲ. ಹಳೆಯ ಬಿಳಿ ಬಿಸಿಲಿಗೆ ಮಾಸಿತ್ತು, ಹೊಸ ಬಿಳಿ ಅದರ ಮೇಲೆ ಪಟ್ಟಿಯಾಗಿಯೇ ಕಾಣುತ್ತಿತ್ತು. ಗೊತ್ತಿದ್ದ ಕಣ್ಣಿಗೆ ಅಷ್ಟು ಸಾಕು. ಹಾಗಾಗಿ ಇಡೀ ಕಾರನ್ನು ಉಜ್ಜಿ, ಅಂಚುಗಳ ಗುರುತು ಕೈಗೆ ಸಿಗದ ಹಾಗೆ ಸಮ ಮಾಡಿ, ಮೈತುಂಬ ಬಿಳಿ ಹೊಡೆದೆ. ಚೆನ್ನಾಗಿಯೇ ಬಂತು. ರಸ್ತೆಯ ಮೇಲೆ ತಂದು ನಿಲ್ಲಿಸಿದರೆ ಯಾರ ಕಾರೂ ಆಗಬಹುದಿತ್ತು.

ಅಳಿಯ ಶಿಫ್ಟು ಮುಗಿಸಿ ಬಂದು ಒಯ್ದ. ಮರುದಿನ ಮಧ್ಯಾಹ್ನ ಮಗಳು ಫೋನು ಮಾಡಿದಳು.

“ಬಾಗಲದಾಗ ನಿಲ್ಲಿಸಿದ್ವಿ ಅಣ್ಣಾರ,” ಎಂದಳು. “ಅವ್ವ ಹೊರಗ ಬಂದ್ಳು. ಓಣಿ ತುಂಬ ನೋಡಿದ್ಳು. ಗಾಡಿ ಬಾಜೂಕ ಹಾದು ಹೋದ್ಳು, ಮುಟ್ಟಲಿಲ್ಲ. ಆಮ್ಯಾಲ ಒಳಗ ಬಂದು ಉಂಡ್ಳು.”

“ಚಲೋ ಆತವ್ವಾ,” ಎಂದೆ.

“ಹೂನ್ರಿ, ಚಲೋ ಆತು,” ಎಂದಳು.

ಅವಳೂ ಫೋನು ಇಡಲಿಲ್ಲ, ನಾನೂ ಇಡಲಿಲ್ಲ. ಆ ಕಡೆ ಯಾರೋ ತಾಟು ತೊಳೆಯುವ ಸದ್ದು ಕೇಳಿಸುತ್ತಿತ್ತು.